ಮೂರು ಕಾರು, ಒಂದು ಸ್ಟೀರಿಂಗ್

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಡೆ ಯಾರಾದರೂ ಏನಾದರೂ ಕೊಳ್ಳಲು ಹೊರಟರೆ, ಕೊಳ್ಳುವವರನ್ನು ಬಿಟ್ಟು ಉಳಿದವರೆಲ್ಲ ಆರಿಸಲು ಕೂಡುತ್ತಾರೆ. ಸೀರೆಯಾದರೆ ಓಣಿ, ಎತ್ತಾದರೆ ಊರು, ಕಾರಾದರೆ ಮೂರು ತಾಲ್ಲೂಕು. ಇದರಲ್ಲಿ ದೂರುವುದೇನಿಲ್ಲ. ಪಕ್ಕದ ಮನೆಯವರ ಫ್ರಿಜ್ಜಿನ ಬಣ್ಣ ಆರಿಸಿಕೊಟ್ಟವಳು ನಾನೇ.

ನಾನಿರುವುದು ಒಂದು ಬೀಜದ ಕಂಪನಿಯ ಸಿಂಧನೂರು ಕಚೇರಿಯಲ್ಲಿ. ಮನೆ ಲಿಂಗಸುಗೂರಿನಲ್ಲಿ. ನಡುವಿನ ಮಸ್ಕಿಯಲ್ಲಿ ಅತ್ತೆ. ಹೀಗಾಗಿ ನನ್ನ ಇಡೀ ಬದುಕು ಒಂದೇ ರಸ್ತೆಯ ಮೇಲೆ ಹೋಗಿ ಬಂದು ಮಾಡುತ್ತದೆ. ಮೊನ್ನೆ ಬಡ್ತಿ ಸಿಕ್ಕಿತು. ಬಡ್ತಿಯ ಜೊತೆಗೆ ಕಾರು. ಕಂಪನಿಯೇ ಲೀಸಿಗೆ ತಗೊಂಡು ಕೊಡುತ್ತದೆ, ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಳ್ಳುತ್ತದೆ. ಈ ಸಲ ಮೇಲಿನಿಂದ ಬಂದ ಕಟ್ಟಪ್ಪಣೆ ಏನೆಂದರೆ, ನನ್ನ ದರ್ಜೆಯವರು ಕರೆಂಟಿನ ಕಾರೇ ತಗೊಳ್ಳಬೇಕು, ಅದೂ ಪ್ರೀಮಿಯಂ. ಮೂರರಲ್ಲಿ ಒಂದನ್ನು ತಿಂಗಳ ಕೊನೆಯೊಳಗೆ ಆರಿಸಿ ಹೇಳಬೇಕು. ಹೇಳದಿದ್ದರೆ ಈಗಿರುವ ಕಚೇರಿ ಜೀಪು, ಅದರ ಡ್ರೈವರ್ ಸಮೇತ, ಮುಂದಿನ ಲೀಸಿನ ತನಕ ನನಗೇ ಗತಿ.

ಡ್ರೈವರ್ ಒಳ್ಳೆಯವನು. ಚಹಾ ಎಲ್ಲಿ ಕುಡಿಯಬೇಕು, ಯಾವ ರೈತನ ಹೊಲಕ್ಕೆ ಮೊದಲು ಹೋಗಬೇಕು, ಈಗಷ್ಟೇ ಫೋನಿನಲ್ಲಿ ನಾನು ಸಾಹೇಬರಿಗೆ ಏನು ಹೇಳಬೇಕಾಗಿತ್ತು, ಎಲ್ಲವನ್ನೂ ಅವನೇ ನಿರ್ಧರಿಸುತ್ತಾನೆ. ಮನೆಯ ಹಳೇ ಕಾರು ಗಂಡನ ಕೈಯಲ್ಲಿ. ನನ್ನ ಹತ್ತಿರ ಲೈಸೆನ್ಸ್ ಇದೆ, ಕಾಲೇಜು ಮೈದಾನದಲ್ಲಿ ಸುತ್ತು ಹಾಕಿ ಕಲಿತೂ ಇದ್ದೇನೆ. ಆದರೆ ಮೈದಾನ ಮುಗಿದು ರಸ್ತೆ ಶುರುವಾಗುವ ಕಡೆ ಯಾರಾದರೊಬ್ಬರು, "ಇನ್ನ ಇಲ್ಲಿಂದ ನಾ ಓಡಸ್ತೀನಿ, ಇಳಿ" ಅಂತ ಬಾಗಿಲು ಹಿಡಿದು ನಿಂತಿರುತ್ತಾರೆ. ಕಾರು ಯಾವುದಾದರೂ ಬರಲಿ, ಈ ಸಲ ಸ್ಟೀರಿಂಗಿನ ಹಿಂದೆ ಕೂಡುವವಳು ನಾನೇ ಅಂತ ಹಟ ಹಿಡಿದೆ. ಹಟವನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಮೂರು ತಾಲ್ಲೂಕು ಸಭೆ ಸೇರುತ್ತಿತ್ತು.

ಕನ್ಯಾ ತೋರಿಸುವ ಶಾಸ್ತ್ರ

ಲೀಸಿನ ಕಂಪನಿಯ ಪ್ರತಿನಿಧಿ ಹುಬ್ಬಳ್ಳಿಯಿಂದ ಮೊದಲ ಕಾರು ತಂದರು. ಬಿಳಿ ಬಣ್ಣದ್ದು. ನಮ್ಮ ಬಿಸಿಲಿನಲ್ಲಿ ಕೊರಳಿಗೆ ಟೈ ಕಟ್ಟಿಕೊಂಡು ಇಳಿದದ್ದರಿಂದ ಡ್ರೈವರ್ ಅಲ್ಲೇ ಅವರಿಗೆ 'ಟೈ ಸಾಹೇಬ್ರು' ಅಂತ ಹೆಸರಿಟ್ಟ. ಆಮೇಲೆ ಅವರ ನಿಜವಾದ ಹೆಸರು ಯಾರಿಗೂ ಬೇಕಾಗಲಿಲ್ಲ.

ಕಚೇರಿಯ ಬೇವಿನ ಮರದ ಕೆಳಗೆ ಕುರ್ಚಿ ಬಿದ್ದವು. ಮಂಡಕ್ಕಿಯ ಸುಸಲಾ ಬಂತು, ಮಿರ್ಚಿ ಬಂತು. ಬಳಗದಲ್ಲಿ ಹತ್ತಾರು ಸಂಬಂಧ ಕುದುರಿಸಿ ಕೈ ಪಳಗಿದ ನಮ್ಮ ಹಿರಿಯ ಅಕೌಂಟಂಟರು ಕಾರಿಗೆ ಎದುರಾಗಿ ಕೂತು, ಶಲ್ಯ ಸರಿಮಾಡಿಕೊಂಡು ಶುರುಮಾಡಿದರು.

"ಮೂಲ ಊರು ಯಾವ್ದ್ರಿ?"

"ಡಿಸೈನ್ ಯುರೋಪಿನದು ಸರ್. ಜೋಡಿಸೋದು ನಮ್ಮ ದೇಶದಲ್ಲೇ."

"ಹುಟ್ಟಿದ್ದು ಹೊರಗ, ಬೆಳದದ್ದು ಇಲ್ಲೆ. ಇರ್ಲಿ. ಹೊಟ್ಟಿಗೆ ಹೆಂಗ?"

"ರಾತ್ರಿ ಒಂದು ಸಲ ಫುಲ್ ಚಾರ್ಜ್ ಮಾಡಿದರೆ ಎರಡು ಮೂರು ದಿನ ನೋಡಬೇಕಾಗಿಲ್ಲ ಸರ್."

"ಉಂಡು ಸುಮ್ಕ ದುಡೀತೈತಿ. ಚಲೋ ಗುಣ. ಮಾತುಕತಿ?"

ಟೈ ಸಾಹೇಬರ ಮುಖ ಅರಳಿತು. "ಮಾತಾಡುತ್ತೆ ಸರ್! ಏನು ಕೇಳಿದರೂ ಉತ್ತರ ಕೊಡುತ್ತೆ. ಇಂಗ್ಲಿಷಿನಲ್ಲಿ."

ಅಕೌಂಟಂಟರು ಮಿರ್ಚಿಯನ್ನು ತಟ್ಟೆಗೆ ವಾಪಸ್ ಇಟ್ಟರು. "ಎದುರು ಮಾತಾಡತೈತಿ, ಅದೂ ಇಂಗ್ಲಿಷಿನ್ಯಾಗ. ಇವರ ಅತ್ತಿ ಮಸ್ಕಿಯಾಕಿರಿ. ಮನ್ಯಾಗ ಹೆಂಗ ಹೊಂದತೈತಿ?"

ಆಗ ಚಹಾ ಹಂಚುತ್ತಿದ್ದ ನಮ್ಮ ಕಚೇರಿಯ ಅಮ್ಮ, ಲೋಟ ಕೊಡುತ್ತಲೇ ಸಹಜವಾಗಿ ಕೇಳಿದಳು. "ಸಾಹೇಬ್ರ, ನಾವ ಮೊದಲೇನ್ರಿ, ಇಲ್ಲಾ ಇದನ್ನ ಯಾರರ ನೋಡಿ ಹೋಗ್ಯಾರ?"

"ಡೆಮೊ ಕಾರಲ್ವಾ ಅಮ್ಮ, ದಿನಾ ಯಾರಾದರೂ ನೋಡ್ತಾನೇ ಇರ್ತಾರೆ," ಅಂದರು ಟೈ ಸಾಹೇಬರು ಹೆಮ್ಮೆಯಿಂದ. "ಆರು ತಿಂಗಳಿಂದ ಬಿಡುವೇ ಇಲ್ಲ. ರಾಯಚೂರು, ಕೊಪ್ಪಳ, ಗಂಗಾವತಿ, ಎಲ್ಲಾ ಕಡೆ ತೋರಿಸಿದ್ದೀವಿ."

ಅಮ್ಮ ನನ್ನ ರಟ್ಟೆ ಹಿಡಿದು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋದಳು.

"ಬ್ಯಾಡ್ರಿ ಮೇಡಂ. ಆರು ತಿಂಗಳಿಂದ ದಿನಾ ನೋಡ್ಯಾರ, ಒಬ್ರೂ ಒಪ್ಪಿಲ್ಲಂದ್ರ ಒಳಗ ಏನರ ಐಬು ಇದ್ದ ಇರ್ತೈತಿ."

ಜೇಬಿನಲ್ಲಿ ಟೆಸ್ಟರ್

ಐಬಿರಲಿ ಬಿಡಲಿ, ಅಷ್ಟು ದೂರದಿಂದ ತಂದದ್ದನ್ನು ಒಂದು ಸುತ್ತು ಓಡಿಸಿಯಾದರೂ ನೋಡೋಣ ಅಂತ ನಾನು ಕಾರಿನ ಬಲಗಡೆಗೆ ನಡೆದೆ. ಡ್ರೈವರ್ ಅಷ್ಟರಲ್ಲಿ ಕೂತಾಗಿತ್ತು.

"ಹೊಸಾ ಗಾಡಿ ಐತ್ರಿ ಮೇಡಂ, ನಿಮಗ ತಿಳಿಯಂಗಿಲ್ಲ. ನಾ ಒಮ್ಮೆ ಹದ ನೋಡಿ ಕೊಡ್ತೀನಿ."

ಹದ ನೋಡುವುದು ಜವಳಗೇರಾದ ತನಕ ಮುಗಿಯಲಿಲ್ಲ. ನಾನು ಕಾರು ತಗೊಂಡರೆ ಅವನನ್ನು ರಾಯಚೂರಿನ ಗೋದಾಮಿಗೆ ಕಳಿಸುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಹಿಂದಿನ ವಾರದಿಂದ ಕಾಲುವೆಯ ಉದ್ದಕ್ಕೂ ಒಂದು ಸುದ್ದಿ ಬಿತ್ತಿಕೊಂಡು ಬಂದಿದ್ದ. ಕರೆಂಟಿನ ಗಾಡಿ ನೀರಿಗಿಳಿದರೆ ಸುತ್ತಲಿನವರಿಗೆಲ್ಲ ಶಾಕ್ ಹೊಡೆಯುತ್ತದೆಯಂತೆ! ನಮ್ಮ ಬೀಜದ ಪ್ಯಾಕೆಟ್ಟಿನಲ್ಲಿ ಕೂಡ ಎಲ್ಲವೂ ಅಷ್ಟು ಚೆನ್ನಾಗಿ ಮೊಳೆಯುವುದಿಲ್ಲ.

ಎರಡನೇ ಬೆಳೆಯ ಭತ್ತ ನಾಟಿ ನಡೆದಿತ್ತು. ಗದ್ದೆಯ ನೀರು ಒಡ್ಡು ದಾಟಿ ರಸ್ತೆಗೆ ಬಂದಿತ್ತು. ನಮಗೆ ಬೀಜದ ಭತ್ತ ಬೆಳೆದು ಕೊಡುವ ರೈತರೊಬ್ಬರು ಮೊಣಕಾಲ ತನಕ ಕೆಸರಿನಲ್ಲಿ ಕಾಯುತ್ತ ನಿಂತಿದ್ದರು. ಹತ್ತಿಸಿಕೊಂಡು ಅವರ ಗದ್ದೆಗೆ ಹೋಗಬೇಕಿತ್ತು. ನಾನು ಬಾಗಿಲು ತೆರೆದು ಕರೆದರೆ ಅವರು ಒಂದು ಮಾರು ಹಿಂದಕ್ಕೆ ಸರಿದರು.

"ಇದು ಅದ ಏನ್ರಿ, ಕರೆಂಟಿಂದು?"

"ಹೌದ್ರಿ, ಬರ್ರಿ. ಏನೂ ಆಗಂಗಿಲ್ಲ."

"ತಡೀರಿ ಮೇಡಂ, ಅವಸರ ಮಾಡಬ್ಯಾಡ್ರಿ."

ಅಲ್ಲಿಯ ರೈತರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತದೋ ಇಲ್ಲವೋ, ಟೆಸ್ಟರ್ ಮಾತ್ರ ಇದ್ದೇ ಇರುತ್ತದೆ. ದಿನಕ್ಕೆ ಹತ್ತು ಸಲ ಬಂದು ಹೋಗುವ ಕರೆಂಟಿನ ಜೊತೆ ಪಂಪ್‌ಸೆಟ್ ಸಂಸಾರ ಮಾಡುವವರು ಅವರು. ಇವರು ಟೆಸ್ಟರ್ ತೆಗೆದರು. ಒಣ ಗೋಣಿಚೀಲ ತರಿಸಿ ಕಾಲ ಕೆಳಗೆ ಹಾಸಿಕೊಂಡರು. ಮೊದಲು ಬಾಗಿಲಿನ ಹಿಡಿಕೆಗೆ ಮುಟ್ಟಿಸಿದರು, ದೀಪ ಹತ್ತಲಿಲ್ಲ. ಬಂಪರಿಗೆ ಮುಟ್ಟಿಸಿದರು. ಹತ್ತಲಿಲ್ಲ. ಗಾಲಿಯ ನಟ್ಟು, ಕನ್ನಡಿಯ ಕಡ್ಡಿ, ಕಂಪನಿಯ ಲಾಂಛನ. ನಾಟಿ ಹಚ್ಚುತ್ತಿದ್ದ ಹೆಣ್ಣುಮಕ್ಕಳೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಟೈ ಸಾಹೇಬರು ಬ್ಯಾಟರಿ ಎಷ್ಟು ಭದ್ರವಾಗಿ ಒಳಗೆ ಕೂತಿದೆ ಎಂಬುದನ್ನು ವಿವರಿಸುತ್ತ ಸುತ್ತಲೂ ಓಡಾಡಿದರು. ಯಾರೂ ಕಿವಿಗೊಡಲಿಲ್ಲ.

ರೈತರು ಟೆಸ್ಟರನ್ನು ಜೇಬಿಗೆ ಸೇರಿಸಿ ನನ್ನ ಹತ್ತಿರ ಬಂದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು.

"ಮೇಡಂ, ಸಿಟ್ಟಾಗಬ್ಯಾಡ್ರಿ. ನಿಮಗ ಮೋಸ ಮಾಡ್ಯಾರ. ಇದರಾಗ ಕರೆಂಟ ಇಲ್ಲ."

ಓಣಿಯ ಮಿಕ್ಸಿಗಳು

ಬಿಳಿ ಕಾರು ಜವಳಗೇರಾದಿಂದ ಬರುವಾಗ ಪ್ರತಿ ರೋಡ್ ಹಂಪಿನ ಮೇಲೂ ಹೊಟ್ಟೆ ಕೆರೆದುಕೊಂಡಿತು. ಅದನ್ನು ಬಿಟ್ಟೆ. ಐಬು ಸಿಕ್ಕಿತು ಅಂತ ಕಚೇರಿಯ ಅಮ್ಮನಿಗೆ ಸಮಾಧಾನವಾಯಿತು.

ಎರಡನೆಯದು ಕರಿ ಕಾರು. ಟೈ ಸಾಹೇಬರು ಅದನ್ನು ಭಾನುವಾರ ಲಿಂಗಸುಗೂರಿನ ನಮ್ಮ ಮನೆಗೇ ತಂದರು. ಡ್ರೈವರ್ ಇಲ್ಲದ ದಿನ ನೋಡಿ ನಾನೇ ಕರೆಸಿದ್ದೆ. ನಮ್ಮ ಮನೆಯವರು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಅವರು ಸ್ನಾನಕ್ಕೆ ಹೋದದ್ದನ್ನೂ ನೋಡಿಕೊಂಡೆ. ಸರ್ರನೆ ಹೋಗಿ ಸ್ಟೀರಿಂಗಿನ ಹಿಂದೆ ಕೂತೇಬಿಟ್ಟೆ. ಸೀಟು ಹಿಂದೆ ಮುಂದೆ ಸರಿಸಿಕೊಂಡೆ, ಕನ್ನಡಿ ತಿರುಗಿಸಿಕೊಂಡೆ. ಅಷ್ಟರಲ್ಲಿ ಟೈ ಸಾಹೇಬರಿಗೆ ಬುದ್ಧಿ ಕೆಟ್ಟಿತು.

"ಮೇಡಂ, ಹೊರಡೋಕ್ಕಿಂತ ಮುಂಚೆ ಒಂದು ಸ್ಪೆಷಲ್ ಫೀಚರ್. ಕರೆಂಟ್ ಹೋದಾಗ ಈ ಕಾರಿನಿಂದಲೇ ಮನೆಯ ಮಿಕ್ಸಿ, ಫ್ಯಾನು ಎಲ್ಲಾ ನಡೆಸಬಹುದು."

ಆವತ್ತು ಲೈನ್ ರಿಪೇರಿ ಅಂತ ಮುಂಜಾನೆಯಿಂದ ಓಣಿಗೆ ಕರೆಂಟ್ ಇರಲಿಲ್ಲ. ಅವರು ಈ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದರು. ಎದುರು ಮನೆಯ ಕಿಟಕಿ ತೆರೆಯಿತು.

"ಖರೇನ್ರಿ? ಒಂದ ಸ್ವಲ್ಪ ಶೇಂಗಾ ಚಟ್ನಿ ಹಿಂಡಿ ಐತ್ರಿ, ಎರಡ ನಿಮಿಷದ ಕೆಲಸ."

ಎದುರು ಮನೆಯವರ ಮಿಕ್ಸಿ ಬಂತು. ಅದರ ಸದ್ದಿಗೆ ಪಕ್ಕದ ಮನೆಯವರ ಮಿಕ್ಸಿ ಬಂತು, ನೆನೆಸಿದ ಇಡ್ಲಿ ಅಕ್ಕಿ ಸಮೇತ. ಹಿಂದಿನ ಓಣಿಯಿಂದ ಇಬ್ಬರು ಬೇಯಿಸಿದ ಕಡಲೆಬೇಳೆಯ ಬೋಗುಣಿ ತಲೆಯ ಮೇಲಿಟ್ಟುಕೊಂಡು ಬಂದರು. ಅವರ ಮನೆಯಲ್ಲಿ ಮರುದಿನ ಸೀಮಂತ. ಒದ್ದೆ ತಲೆಯಲ್ಲೇ ಹೊರಗೆ ಬಂದ ನಮ್ಮ ಮನೆಯವರು ಒಂದು ಕಡ್ಡಿ ತಗೊಂಡು ಮಣ್ಣಿನಲ್ಲಿ ವ್ಯಾಟ್ ಲೆಕ್ಕ ಬರೆದು, ಒಮ್ಮೆಗೆ ಎಷ್ಟು ಮಿಕ್ಸಿ ಹಚ್ಚಬಹುದು ಅಂತ ಪಾಠ ಮಾಡಿದರು. ಪಾಠ ಕೇಳುವವರಿರಲಿಲ್ಲ, ಪಾಳಿ ಹಚ್ಚಿದವರಿದ್ದರು.

ನಾನು ಮಾತ್ರ ಸ್ಟೀರಿಂಗ್ ಬಿಡಲಿಲ್ಲ. ಇಳಿದರೆ ಇನ್ನಾರೋ ಹತ್ತುತ್ತಾರೆ ಅಂತ ಭಯ. ಆದರೆ ವೈರು ಸಿಕ್ಕಿಸಿದ್ದಾಗ ಕಾರು ಕದಲುವುದಿಲ್ಲವಂತೆ. ಎರಡೂ ಕೈಯಲ್ಲಿ ಗಟ್ಟಿಯಾಗಿ ಸ್ಟೀರಿಂಗ್ ಹಿಡಿದುಕೊಂಡು, ಏಸಿಯ ತಂಪಿನಲ್ಲಿ, ನೆಟ್ಟಗೆ ಎದುರಿಗೆ ನೋಡುತ್ತ ಕೂತೆ. ಎದುರಿಗೆ ನಮ್ಮದೇ ಕಾಂಪೌಂಡ್ ಗೋಡೆ ಇತ್ತು. ಹೋಗುತ್ತಿದ್ದವರು ಬಗ್ಗಿ ನೋಡಿ, "ಎಲ್ಲಿಗೆ ಹೊಂಟೀರಿ?" ಅಂತ ಕೇಳಿಕೊಂಡು ಹೋದರು.

ಕೊನೆಯ ಬೋಗುಣಿ ಹೂರಣ ಆಗುವ ಹೊತ್ತಿಗೆ ಕರೆಂಟೂ ಬಂತು, ಟೈ ಸಾಹೇಬರು ಹುಬ್ಬಳ್ಳಿಗೆ ಹೊರಡುವ ಹೊತ್ತೂ ಬಂತು. ಸೀಮಂತದ ಮನೆಯಾಕೆ ಬೆರಳಿನಲ್ಲಿ ಹೂರಣ ತೆಗೆದು ನುಣುಪು ನೋಡಿ ತಲೆಯಾಡಿಸಿದಳು.

"ಬಾಳ ಚಲೋ ಐತ್ರಿ ಅಕ್ಕಾರ, ಇದನ್ನ ತಗೋರಿ, ಕಣ್ಣು ಮುಚ್ಚಿ ತಗೋರಿ." ಬೋಗುಣಿ ತಲೆಗೇರಿಸಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. "ಅಂದಂಗ, ಇದು ಓಡತೈತೇನ್ರಿ?"

ಪಾಮನಕಲ್ಲೂರಿನ ದಾರಿ

ಕರಿ ಕಾರನ್ನು ತಗೊಂಡರೆ ಅದು ನಮ್ಮ ಓಣಿ ಬಿಟ್ಟು ಹೊರಗೆ ಹೋಗುವುದಿಲ್ಲ ಅಂತ ಖಾತ್ರಿಯಾಯಿತು. ಉಳಿದದ್ದು ನೀಲಿ ಕಾರು. ಅದು ಬಂದದ್ದು ತಿಂಗಳ ಕೊನೆಯ ದಿನ. ಸಂಜೆಯೊಳಗೆ ಹೇಳಬೇಕು, ಇಲ್ಲದಿದ್ದರೆ ಜೀಪು. ಡ್ರೈವರ್ ಆವತ್ತು ಮುಂಜಾನೆ ಫೋನ್ ಮಾಡಿ, "ಜೀಪಿಗೆ ಹೊಸಾ ಸೀಟ್ ಕವರ್ ಹಾಕ್ಸೀನ್ರಿ ಮೇಡಂ" ಅಂದಿದ್ದ. ದನಿಯಲ್ಲಿ ಆಗಲೇ ಗೆಲುವಿತ್ತು.

ಲಿಂಗಸುಗೂರಿನಿಂದ ಹೊರಟು, ಮಸ್ಕಿಯಲ್ಲಿ ಅತ್ತೆಯನ್ನು ಹತ್ತಿಸಿಕೊಂಡು, ಪಾಮನಕಲ್ಲೂರಿನ ಕಡೆ ನಮ್ಮ ಸಜ್ಜೆ ಬೀಜದ ಹೊಲಗಳ ತನಕ ಹೋಗಿ ಬರುವುದು ಅಂತಾಯಿತು. "ನನಗ ಯಾವ ಗಾಡ್ಯಾಗ ವಾಂತಿ ಬರಂಗಿಲ್ಲೋ ಅದ ಚಲೋ ಗಾಡಿ," ಅಂತ ಅತ್ತೆ ಮೊದಲೇ ಹೇಳಿದ್ದರು. ನಮ್ಮ ಮನೆಯವರು ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಸ್ಟೀರಿಂಗ್ ಹಿಡಿದಿದ್ದರು.

"ಪ್ರೀಮಿಯಂ ಗಾಡಿ. ಟಾರ್ಕ್ ಬಾಳ ಇರ್ತೈತಿ. ನಿನಗ ತಿಳಿಯಂಗಿಲ್ಲ, ಹಿಂದ ಕುಂದ್ರು."

ಮಸ್ಕಿ ದಾಟಿದ ಮೇಲೆ ಅವರಿಗೆ ಟಾರ್ಕ್ ಎಂದರೇನು ಅಂತ ವಿವರಿಸುವ ಹುಕಿ ಬಂತು. ತರಗತಿಯ ಅಭ್ಯಾಸ ನೋಡಿ, ಕೇಳುವವರ ಮುಖ ನೋಡದೆ ಅವರಿಗೆ ಮಾತು ಹೊರಡುವುದಿಲ್ಲ. ಕೇಳುವವರು ಹಿಂದಿನ ಸೀಟಿನಲ್ಲಿದ್ದೆವು. ಅವರು ತಿರುಗಿದರು. ಕಾರು ಪೀಂ ಅಂತು. ಮುಂದೆ ನೋಡಿದರು, ಸುಮ್ಮನಾಯಿತು. "ಅಂದ್ರ ಎತ್ತಿನ ಬಂಡಿ ತಗೋರಿ," ಅಂತ ಮತ್ತೆ ತಿರುಗಿದರು. ಪೀಂ ಪೀಂ. ಪರದೆಯ ಮೇಲೆ ಹಬೆಯಾಡುವ ಚಹಾ ಕಪ್ಪಿನ ಚಿತ್ರ ಮೂಡಿತು.

"ಏನಂತೈತೋ ಅದು?" ಅಂದರು ಅತ್ತೆ.

ಮುಂದೆ ಕೂತಿದ್ದ ಟೈ ಸಾಹೇಬರು ಸಂಕೋಚದಿಂದ ಬಿಡಿಸಿ ಹೇಳಿದರು. "ಒಳಗೆ ಕ್ಯಾಮೆರಾ ಇದೆ ಅಮ್ಮ. ಓಡಿಸೋರ ಗಮನ ರಸ್ತೆ ಮೇಲಿಲ್ಲ ಅಂತ ಗೊತ್ತಾದ್ರೆ ಕೂಗುತ್ತೆ. ಕಪ್ ಬಂತು ಅಂದ್ರೆ, ನಿಲ್ಲಿಸಿ, ಚಹಾ ಕುಡಿದು ಸುಧಾರಿಸಿಕೊಳ್ಳಿ ಅಂತ."

"ಅದು ಹೆಂಗಂದ್ರ," ಅಂತ ನಮ್ಮ ಮನೆಯವರು ಕ್ಯಾಮೆರಾ ಕೆಲಸ ಮಾಡುವ ರೀತಿಯನ್ನು ವಿವರಿಸಲು ಪೂರ್ತಿ ತಿರುಗಿದರು. ಕಾರು ಈ ಸಲ ನಿಲ್ಲಿಸದೆ ಕೂಗಿತು.

"ನಿಲ್ಲಸೋ," ಅಂದರು ಅತ್ತೆ. "ನೀ ಮಾತಿಗಿ ನಿಂತ್ರ ಮೈಮ್ಯಾಲೆ ಖಬರ್ ಇರಂಗಿಲ್ಲಂತ ನಾ ಹೇಳಿದ್ರ ನಿಮ್ಮಪ್ಪ ನಂಬಲಿಲ್ಲ. ಈ ಮಿಷನ್ನಿಗಿ ಒಂದ ತಾಸಿನ್ಯಾಗ ತಿಳೀತು. ಇಳಿ ಕೆಳಗ. ಆಕೀ ಓಡಸ್ಲಿ."

ಹಾಗೆ, ಯಾರ ಕೈಯನ್ನೂ ಹಿಡಿಯದೆ, ಯಾರ ಕಾಲಿಗೂ ಬೀಳದೆ, ಹಾಡಹಗಲೇ ಸ್ಟೀರಿಂಗ್ ನನಗೆ ಬಂತು. ಕಾರು ಬೆಣ್ಣೆಯಂತೆ ಹೊರಟಿತು. ಅತ್ತೆಗೆ ವಾಂತಿ ಬರಲಿಲ್ಲ. ಗಂಡ ಅವರ ಪಕ್ಕದಲ್ಲಿ, ಹಿಂದಿನ ಬೆಂಚಿನ ಹುಡುಗನಂತೆ, ಮುಖ ಊದಿಸಿಕೊಂಡು ಕೂತಿದ್ದರು. ಕಾರು ಒಂದು ಸಲವೂ ಪೀಂ ಅನ್ನಲಿಲ್ಲ.

ಪಾಮನಕಲ್ಲೂರು ಇನ್ನೇನು ಬಂತು ಅನ್ನುವಾಗ ರಸ್ತೆ ಕಾಣಲಿಲ್ಲ. ಈ ದಂಡೆಯಿಂದ ಆ ದಂಡೆಗೆ ಕಿತ್ತು ಒಣಗಿಸಿದ ಹುರುಳಿ ಗಿಡ ಹಾಸಿದ್ದರು. ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಅಂತ ನಮ್ಮ ಕಡೆ ಒಕ್ಕುವ ಪದ್ಧತಿಯೇ ಇದು. ನಾನು ಬ್ರೇಕ್ ಹಾಕಿದೆ. ಕವೆಗೋಲು ಹಿಡಿದ ಅಜ್ಜಿಯೊಬ್ಬಳು ಕಿಟಕಿಗೆ ಬಂದಳು.

"ಯಾಕ ನಿಂತೀ ತಂಗೀ? ಹಾಯ್ಸು, ಹಾಯ್ಸು."

"ಬೇಡ ಮೇಡಂ, ದಯವಿಟ್ಟು!" ಟೈ ಸಾಹೇಬರು ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. "ಅಜ್ಜಿ, ಇದು ಅಂಥ ಗಾಡಿ ಅಲ್ಲ. ಎರಡು ಟನ್ ಭಾರ ಇದೆ, ನಿಮ್ಮ ಕಾಳೆಲ್ಲ..."

"ಎಷ್ಟಂದೀ?"

"ಎರಡು ಟನ್. ಬ್ಯಾಟರಿ ಇರುತ್ತಲ್ಲ."

ಅಜ್ಜಿಯ ಮುಖ ಬೆಳಗಿತು. "ಮುಂಜಾನಿಂದ ಬರೀ ಮೋಟರ್ ಸೈಕಲ್ ಬರಾಕತ್ತಾವ ತಂಗೀ, ಒಂದ ಕಾಯಿ ಬಾಯಿ ಬಿಟ್ಟಿಲ್ಲ. ದೇವರು ಕಳಿಸಿದಂಗ ಬಂದೀ. ಹೊಗಿ ಬಿಡೋ ಕೊಳವಿ ಎಲ್ಲೈತಿ ಇದಕ್ಕ?"

"ಹೊಗೆ ಇಲ್ಲ ಅಜ್ಜಿ, ಕರೆಂಟಿನ ಕಾರು."

"ಹಂಗಾದ್ರ ಒಣ ಹೊಟ್ಟಿಗಿ ಬೆಂಕಿ ಹತ್ತೋ ಭಯನೂ ಇಲ್ಲ! ಬಾ ಬಾ ಬಾ."

ನಾನು ಹಾಯಿಸಿದೆ. ಕೆಳಗೆ ಚಟಪಟ ಚಟಪಟ ಅಂತ ಕಾಯಿ ಒಡೆದವು. ಆಚೆ ದಂಡೆ ಮುಟ್ಟಿದಾಗ ಕನ್ನಡಿಯಲ್ಲಿ ನೋಡಿದರೆ ಅಜ್ಜಿ ಎರಡೂ ಕೈಯಿಂದ ಕರೆಯುತ್ತಿದ್ದಳು.

"ಹಿಂದಕ ಬಾ!"

ಜನ್ಮದಲ್ಲಿ ರಸ್ತೆಯ ಮೇಲೆ ರಿವರ್ಸ್ ತೆಗೆದವಳಲ್ಲ ನಾನು. ಪರದೆಯ ಮೇಲೆ ನಾಲ್ಕು ದಿಕ್ಕಿನ ಚಿತ್ರ, ಹಸಿರು ಗೆರೆ, ಕೆಂಪು ಗೆರೆ, ಒಳಗೆ ಕಾರಿನ ಎಚ್ಚರಿಕೆ, ಹೊರಗೆ ಅಜ್ಜಿಯ ಎಚ್ಚರಿಕೆ. ಅಜ್ಜಿಯದು ಜೋರಾಗಿತ್ತು. "ಎಡಕ್ಕ... ಎಡಕ್ಕ ಬೇ, ಅದು ಬಲಕ್ಕ! ಹಾಂ... ಹಗೂರ್ಕ... ಈಗ ಹೋಗು ಮುಂದ." ಮುಂದೆ ಹೋದೆ. ಹಿಂದೆ ಬಂದೆ. ಮತ್ತೆ ಮುಂದೆ ಹೋದೆ. ಡ್ರೈವಿಂಗ್ ಸ್ಕೂಲಿನವರು ಮೈದಾನದಲ್ಲಿ ಹೇಳಿಕೊಡದ್ದನ್ನೆಲ್ಲ ಹುರುಳಿಯ ಮೇಲೆ ಕಲಿತೆ. ಅತ್ತೆ ಇಳಿದು ಹೋಗಿ ಹೆಣ್ಣುಮಕ್ಕಳ ಜೊತೆ ಜಾಲಿಯ ನೆರಳಿನಲ್ಲಿ ಎಲೆ ಅಡಿಕೆ ಬಿಚ್ಚಿದರು.

ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. ಇಳಿದು ಬಂದು ನನ್ನ ಬಾಗಿಲು ಹಿಡಿದು ನಿಂತರು. "ಸಾಕು ಇಳಿ, ಇನ್ನ ಇಲ್ಲಿಂದ ನಾ ಓಡಸ್ತೀನಿ."

ಅಜ್ಜಿ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಆಕೀ ಕೈಗೆ ಈಗ ಹದ ಬಂದೈತಿ, ಕೆಡಸಬ್ಯಾಡ್ರಿ ಸರ. ನೀವ ಖಾಲಿ ಅದೀರಿ, ಜರಾ ಇದನ್ನ ತಿರುವಿ ಹಾಕ್ರಿ." ಕವೆಗೋಲು ಇಸ್ತ್ರಿ ಅಂಗಿಯ ಕೈಗೆ ಬಂತು.

ಅಷ್ಟರಲ್ಲಿ ಟೈ ಸಾಹೇಬರ ಫೋನು. ಕಾರು ಎಲ್ಲಿದೆ ಅಂತ ಹುಬ್ಬಳ್ಳಿಯಲ್ಲಿ ಕೂತವರಿಗೆ ಕಾಣುತ್ತದಂತೆ. ಅವರ ಸಾಹೇಬರ ದನಿ ನಮಗೆಲ್ಲ ಕೇಳುವಷ್ಟಿತ್ತು. "ಏನ್ರೀ ಅದು? ಗಾಡಿ ಒಂದೇ ಜಾಗದಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ! ಕೆಟ್ಟು ನಿಂತಿದೆಯಾ?"

"ಇಲ್ಲ ಸರ್. ಮೇಡಂ ಟೆಸ್ಟ್ ಡ್ರೈವ್ ಮಾಡ್ತಿದ್ದಾರೆ."

"ಇಷ್ಟು ಹೊತ್ತು? ಯಾವ ಟೆಸ್ಟು?"

ಟೈ ಸಾಹೇಬರು ನನ್ನನ್ನು ನೋಡಿದರು, ತಲೆಯ ತುಂಬ ಹೊಟ್ಟು ಮೆತ್ತಿಕೊಂಡ ಭೌತಶಾಸ್ತ್ರವನ್ನು ನೋಡಿದರು, ಟೈ ಸಡಿಲಿಸಿದರು. "ಹುರುಳಿ ಸರ್."

ನಾನು ಕಿಟಕಿಯ ಗಾಜು ಇಳಿಸಿ, "ಇದನ್ನ ಬುಕ್ ಮಾಡ್ರಿ," ಅಂದೆ.

"ಮೇಡಂ, ಸನ್‌ರೂಫ್ ಇನ್ನೂ ತೋರಿಸೇ ಇಲ್ಲ..."

"ಬುಕ್ ಮಾಡ್ರಿ."

ಗಾಲಿಗೆ ಸುತ್ತಿದ ಬಳ್ಳಿಯನ್ನೆಲ್ಲ ಹೆಣ್ಣುಮಕ್ಕಳು ಬಿಡಿಸಿ ಕೊಟ್ಟರು. ಹೊರಡುವಾಗ ಅಜ್ಜಿ ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ ಮಾತು ತೆಗೆದಳು.

"ಯಕ್ಕಾ, ನಾಳಿಗಿ ನನ್ನ ತಂಗೀದು ಹುರಳಿ ಒಕ್ಕೂದೈತಿ. ಗಾಡಿ ಯಾವುದರ ಬರ್ಲಿ, ಓಡ್ಸಾಕ ಮಾತ್ರ ಇಕೀನ ಕಳಸು."

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಏನಂತ ತಿಳ್ಕೊಂಡೀ? ನನ್ನ ಸೊಸಿ ದೊಡ್ಡ ಆಫೀಸರ್ ಅದಾಳ. ಸಿಂಧನೂರಾಗ ಆಕೀ ಕೈಕೆಳಗ ಮಂದಿ ದುಡೀತಾರ."

ಅಜ್ಜಿ ನನ್ನನ್ನೊಮ್ಮೆ, ರಸ್ತೆಯ ಮೇಲಿನ ಕಾಳನ್ನೊಮ್ಮೆ ನೋಡಿ, ಬಹಳ ಉದಾರವಾಗಿ ತೀರ್ಪು ಕೊಟ್ಟಳು.

"ಇರ್ಲಿ ತಗೋ ಯಕ್ಕಾ. ಆಫೀಸ ಬಿಟ್ಟ ಮ್ಯಾಲೆ ಬರ್ಲಿ."